ಇಲಿ ಜ್ವರದ ಹೆದರಿಕೆ, ಹದಿನಾರು ಸೆಷನ್, ಒಂದು ಚೊಂಬು ನೀರು: ಓಸಿಡಿಗೆ ಇಆರ್‌ಪಿ ಮಾಡಿಸಿದ ನನ್ನ ರಿವ್ಯೂ

ಕ್ಲಿನಿಕ್ಕಿನ ಹೆಸರು ಹಾಕುದಿಲ್ಲ, ಥೆರಪಿ ಮಾಡಿಸಿದ ಮೇಡಂ ಹೆಸರೂ ಹಾಕುದಿಲ್ಲ, ಮಂಗಳೂರಲ್ಲಿ ಬೆಂದೂರ್‌ವೆಲ್ ಸೈಡಿಗೆ ಒಂದು ಹಳೆ ಬಿಲ್ಡಿಂಗಿನ ಎರಡನೇ ಮಾಳಿಗೆ ಅಂತ ಇಟ್ಕೊಳ್ಳಿ. ನನಗೆ ಬರೀಬೇಕು ಅಂತ ಆದದ್ದು ಅಲ್ಲಿ ಕೊಟ್ಟ ಟ್ರೀಟ್‌ಮೆಂಟಿನ ಬಗ್ಗೆ. ಯಾಕಂದ್ರೆ ಓಸಿಡಿಗೆ (ಬೇಡದ ಯೋಚನೆ ಪದೇ ಪದೇ ಬಂದು, ಅದನ್ನು ತಣಿಸ್ಲಿಕ್ಕೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಮನಸ್ಸಿನ ಕಾಯಿಲೆ) ಅಂತಲೇ ಹೀಗೊಂದು ಥೆರಪಿ ಉಂಟು ಅಂತ ಗೊತ್ತಾಗ್ಲಿಕ್ಕೆ ನನಗೆ ಆರು ವರ್ಷ ಬೇಕಾಯ್ತು, ಆ ಆರು ವರ್ಷದಲ್ಲಿ ನನ್ನ ಮಗಳ ಬಾಲ್ಯ ಅರ್ಧ ಹೋಯ್ತು.

ನಮ್ಮ ಮನೆ ಉಡುಪಿಯಿಂದ ಸ್ವಲ್ಪ ಒಳಗೆ, ಸುತ್ತ ಗದ್ದೆ, ತೋಟ. ನಮ್ಮ ತೋಟಕ್ಕೆ ಬರುವ ಒಬ್ಬರಿಗೆ ಒಂದು ಮಳೆಗಾಲದಲ್ಲಿ ಇಲಿ ಜ್ವರ ಬಂದು ಕಿಡ್ನಿಗೆ ಹೊಡೆದು ಐಸಿಯುನಲ್ಲಿ ಇಟ್ಟಿದ್ರು, ಅವರು ಹುಷಾರಾಗಿ ವಾಪಸ್ ಬಂದ್ರು, ಆದ್ರೆ ನನ್ನ ತಲೆಯಿಂದ ಆ ಜ್ವರ ಹೋಗ್ಲೇ ಇಲ್ಲ. ಆಗ ಮಗಳಿಗೆ ಎಂಟು ತಿಂಗಳು. ಮೊದಮೊದ್ಲು ಕೈ ತೊಳೆಯುದು ಸ್ವಲ್ಪ ಜಾಸ್ತಿ ಆಯ್ತು, ಅದು ಎಲ್ಲ ಅಮ್ಮಂದಿರೂ ಮಾಡುವಂಥದ್ದೇ ಅಂತ ಮನೆಯವರೂ ಸುಮ್ಮನಿದ್ರು, ಮತ್ತೆ ನಂದಿನಿ ಪ್ಯಾಕೆಟನ್ನು ಸಾಬೂನು ಹಾಕಿ ಮೂರು ಸಲ ತೊಳೆಯುದು, ಅಂಗಡಿಯಿಂದ ತಂದ ಅಕ್ಕಿ ಚೀಲ ಎರಡು ದಿನ ಬಿಸಿಲಿಗೆ ಇಟ್ಟೇ ಒಳಗೆ ತರುದು, ಬಿಸಿಲಿಲ್ಲದ ಜುಲೈಯಲ್ಲಿ ಎಂತ ಮಾಡುದು ಗೊತ್ತಾಗದೆ ಜಗಲಿಯಲ್ಲೇ ಅಕ್ಕಿ ಮುಗ್ಗಲು ಹಿಡಿಯುದು, ಮಗು ಅಂಗಳಕ್ಕೆ ಇಳಿದ್ರೆ ಸೊಂಟದಿಂದ ಕೆಳಗೆ ಡೆಟಾಲ್ ನೀರಲ್ಲಿ ತೊಳೆಯುದು. ಕೊನೆಕೊನೆಗೆ ಮಳೆಗಾಲದಲ್ಲಿ ಅವಳನ್ನು ಹೊರಗೆ ಬಿಡ್ತಲೇ ಇರ್ಲಿಲ್ಲ, ಕರಾವಳಿಯಲ್ಲಿ ಹುಟ್ಟಿದ ಮಗು ಮಳೆ ನೀರಲ್ಲಿ ಕಾಲು ಇಡದೆ ಐದು ವರ್ಷ ಬೆಳೀತು.

ತೊಳೆದು ತೊಳೆದು ನನ್ನ ಕೈಯ ಚರ್ಮ ಒಡೆದು ರಕ್ತ ಬರ್ತಿತ್ತು. ಇಲಿ ಜ್ವರದ ಬ್ಯಾಕ್ಟೀರಿಯಾ ಒಳಗೆ ಹೋಗುದೇ ಗಾಯ ಇರುವ, ಬಿರಿದ ಚರ್ಮದಿಂದ, ಕಣ್ಣು ಮೂಗು ಬಾಯಿಯ ಒಳಪದರದಿಂದ. ಅಂದ್ರೆ ಕಾಪಾಡ್ಲಿಕ್ಕೆ ಅಂತ ಮಾಡ್ತಿದ್ದ ಕೆಲಸವೇ ಬಾಗಿಲು ತೆರೆದು ಇಡ್ತಿತ್ತು. ಇದು ನನಗೆ ಗೊತ್ತಿತ್ತು, ಗೊತ್ತಿದ್ದೂ ನಿಲ್ಲಿಸ್ಲಿಕ್ಕೆ ಆಗ್ತಿರ್ಲಿಲ್ಲ. ಓಸಿಡಿ ಇರುವವರಿಗೆ ಬುದ್ಧಿ ಹೇಳುವವರು ದಯವಿಟ್ಟು ಇದನ್ನು ತಿಳ್ಕೊಳ್ಳಿ, ನಮಗೆ ಗೊತ್ತಿಲ್ಲ ಅಂತ ಅಲ್ಲ.

ಎಲ್ಲಕ್ಕಿಂತ ಜಾಸ್ತಿ ತೊಂದರೆ ಆದದ್ದು ನನ್ನ ಗಂಡನಿಗೆ. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಇಲ್ಲ, ನಾನು ಕೇಳುದು, "ಇದು ಮುಟ್ಟಿದ್ರೆ ಅಡ್ಡಿಲ್ಲ ಅಲ್ವಾ?" ಅವರು "ಅಡ್ಡಿಲ್ಲ" ಅನ್ನುದು. ಎರಡು ನಿಮಿಷ ಎದೆ ಹಗುರ ಆಗುದು, ಮತ್ತೆ ಅವರು ಸರಿಯಾಗಿ ಕೇಳಿಸ್ಕೊಂಡ್ರಾ ಇಲ್ವಾ ಅಂತ ಡೌಟು, ಮತ್ತೆ ಕೇಳುದು. ಆಫೀಸಿಗೆ ಫೋನ್ ಮಾಡಿ ಕೇಳುದು, ಮೀಟಿಂಗಲ್ಲಿದ್ರೆ ಮೆಸೇಜು. ಅವರು ಒಂದು ದಿನವೂ ಬೈದವರಲ್ಲ. ಆ ಪ್ರೀತಿಯ "ಅಡ್ಡಿಲ್ಲ"ವೇ ನನ್ನ ಕಾಯಿಲೆಗೆ ಗೊಬ್ಬರ ಆಗಿತ್ತು ಅಂತ ನಮಗೆ ಇಬ್ಬರಿಗೂ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ.

ಇದಕ್ಕೆ ಮೊದಲು ಬೇರೆ ಒಬ್ಬರ ಹತ್ರ ಎಂಟು ಸಿಟ್ಟಿಂಗ್ ಹೋಗಿದ್ದೆ, ಯಾರು ಎಲ್ಲಿ ಅಂತ ಬೇಡ, ಒಳ್ಳೆ ಮನಸ್ಸಿನವರೇ. ದೀರ್ಘ ಉಸಿರು ತಗೊಳ್ಳಿ ಅಂದ್ರು, ಯೋಚನೆ ಬಂದ ಕೂಡ್ಲೇ ಮನಸ್ಸಲ್ಲಿ ಸ್ಟಾಪ್ ಅಂತ ಹೇಳಿ ಅಂದ್ರು, ಕೈಗೆ ರಬ್ಬರ್ ಬ್ಯಾಂಡ್ ಹಾಕಿ ಎಳೆದು ಬಿಡ್ಲಿಕ್ಕೆ ಹೇಳಿದ್ರು, ಮತ್ತೆ ಪ್ರತಿ ಸಲ ಇಲಿ ಜ್ವರ ಹಾಗೆಲ್ಲ ಬರುದಿಲ್ಲ ನೋಡಿ ಅಂತ ಕಾಲು ಗಂಟೆ ವಿವರಿಸಿ ಕಳಿಸ್ತಿದ್ರು. ಅಲ್ಲಿಂದ ಹೊರಡುವಾಗ ಆರಾಮ, ಮನೆ ಗೇಟು ಮುಟ್ಟುವಾಗ ಪುನಃ ಶುರು. ಈಗ ಅರ್ಥ ಆಗ್ತದೆ, ಅವರು ಕೊಟ್ಟದ್ದೂ ಒಂದು "ಅಡ್ಡಿಲ್ಲ"ವೇ, ಫೀಸು ತಗೊಂಡು ಕೊಟ್ಟದ್ದು ಅಷ್ಟೇ. ಯೋಚನೆ ಬರಬಾರದು ಅಂತ ತಡೆದಷ್ಟೂ ಅದು ಜಾಸ್ತಿ ಬರ್ತದೆ, ಓಸಿಡಿಗೆ ಅದು ಟ್ರೀಟ್‌ಮೆಂಟೇ ಅಲ್ಲ. ಮನೆಯಲ್ಲಿ ಹಿರಿಯರು ಜ್ಯೋತಿಷಿಗಳ ಹತ್ರ ಪ್ರಶ್ನೆ ಇಡಿಸಿದ್ರು, ಅದೂ ಆಯ್ತು. ಆಮೇಲೆ ನಮ್ಮ ಮಗುವಿನ ಡಾಕ್ಟ್ರು ನನ್ನ ಕೈ ನೋಡಿ, ಮಗುವನ್ನು ಬಿಟ್ಟು ನನ್ನ ಬಗ್ಗೆ ಕೇಳಿದ್ರು, ಅವರೇ ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದ್ದು. ಆ ಸೈಕಿಯಾಟ್ರಿಸ್ಟ್ ಸರ್ಟ್ರಲಿನ್ ಶುರು ಮಾಡಿ, ಮಾತ್ರೆ ಕೆಲಸ ಮಾಡ್ಲಿಕ್ಕೆ ಎರಡು ಮೂರು ತಿಂಗಳು ಬೇಕು, ಓಸಿಡಿಗೆ ಡೋಸೂ ಸ್ವಲ್ಪ ಜಾಸ್ತಿ ಬೇಕಾಗ್ತದೆ, ಆದ್ರೆ ಮಾತ್ರೆ ಒಂದರಲ್ಲೇ ನಿಲ್ಲಬೇಡಿ, ಇಆರ್‌ಪಿ ಮಾಡಿಸಿ ಅಂತ ಚೀಟಿ ಬರ್ದು ಕೊಟ್ರು.

ಇಆರ್‌ಪಿ ಅಂದ್ರೆ ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್. ಹೆದರಿಕೆ ಹುಟ್ಟಿಸುವ ವಸ್ತುವಿನ, ಜಾಗದ, ಯೋಚನೆಯ ಹತ್ರ ಬೇಕಂತಲೇ ಹೋಗುದು, ಹೋದ ಮೇಲೆ ತೊಳೆಯುದು, ಚೆಕ್ ಮಾಡುದು, ಕೇಳುದು, ಮನಸ್ಸಲ್ಲೇ ಲೆಕ್ಕ ಹಾಕುದು ಇದ್ಯಾವುದನ್ನೂ ಮಾಡದೆ ಇರುದು. ಹೊಸ ಫ್ಯಾಶನ್ ಏನೂ ಅಲ್ಲ, ಲಂಡನಿನಲ್ಲಿ ವಿಕ್ಟರ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞರು 1966ರಲ್ಲೇ ಇಬ್ಬರು ಪೇಷಂಟುಗಳಿಗೆ ಹೀಗೆ ಮಾಡಿ ಬರೆದಿದ್ರು, ಆಮೇಲೆ ಅಮೆರಿಕದ ಎಡ್ನಾ ಫೋವಾ ಮುಂತಾದವರು ಅದನ್ನು ಕ್ರಮಬದ್ಧ ಮಾಡಿದ್ರು. ಇದನ್ನೆಲ್ಲ ಮೇಡಂ ಮೊದಲ ದಿನವೇ ಹೇಳಿದ್ರು, ಹೇಳಿದ್ದು ಒಳ್ಳೆದಾಯ್ತು, ಯಾಕಂದ್ರೆ ಹೆದರುವವಳನ್ನು ಹೆದರಿಕೆ ಇರುವಲ್ಲಿಗೇ ಕರ್ಕೊಂಡು ಹೋಗುದು ಅಂದಾಗ ನನಗೆ ಎದ್ದು ಮನೆಗೆ ಬರುವ ಅಂತ ಆಗಿತ್ತು.

ಮೊದಲ ಎರಡು ಸೆಷನ್ ಬರೀ ಕೇಳುದೇ. ವೈ-ಬಾಕ್ಸ್ ಅಂತ ಓಸಿಡಿ ಎಷ್ಟು ಜೋರು ಉಂಟು ಅಂತ ಅಳೆಯುವ ಒಂದು ಸ್ಕೇಲ್ ಉಂಟು, ಹತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 4, ಒಟ್ಟು 40. ನನ್ನದು 27 ಬಂತು, 24ರಿಂದ 31 ಅಂದ್ರೆ ಸಿವಿಯರ್. ನಂಬರ್ ನೋಡಿ ನನಗೆ ಅಳು ಬಂತು, ಆದ್ರೆ ಅದು ದುಃಖದ್ದು ಮಾತ್ರ ಅಲ್ಲ, ಇಷ್ಟು ವರ್ಷ "ಕ್ಲೀನಿನ ಹುಚ್ಚು" ಅಂತ ಕೇಳಿ ಕೇಳಿ ಸಾಕಾಗಿದ್ದವಳಿಗೆ ಇದಕ್ಕೊಂದು ಅಳತೆ ಉಂಟು, ಅಳತೆ ಇದ್ರೆ ಕಮ್ಮಿಯೂ ಆಗ್ಬಹುದು ಅಂತ ಆಯ್ತು. ಮತ್ತೆ ಹೆದರಿಕೆಯ ಪಟ್ಟಿ ಮಾಡಿದೆವು, ಪ್ರತಿಯೊಂದಕ್ಕೂ 100ರಲ್ಲಿ ಎಷ್ಟು ಅಂತ ಮಾರ್ಕು. ತೊಳೆಯದ ಹಾಲಿನ ಪ್ಯಾಕೆಟ್ ಫ್ರಿಜ್ಜಿಗೆ ಇಡುದು 35, ಅಂಗಡಿಯ ಗೋಣಿ ಮುಟ್ಟುದು 60, ಬಸ್‌ಸ್ಟ್ಯಾಂಡಿನ ನೀರಲ್ಲಿ ಚಪ್ಪಲಿ ಹಾಕಿ ನಡೆಯುದು 75, ಮಗಳನ್ನು ಅಂಗಳದ ಮಳೆಯಲ್ಲಿ ಆಡ್ಲಿಕ್ಕೆ ಬಿಡುದು 100.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನನ್ನ ಹೆದರಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲ ಬಂದ್ರೆ ಇಲಿ ಜ್ವರ ಇರುದೇ, ಇಲಿ ಮೂತ್ರ ಸೇರಿದ ನೀರಲ್ಲಿ, ಕೆಸರಲ್ಲಿ ಆ ಬ್ಯಾಕ್ಟೀರಿಯಾ ವಾರಗಟ್ಟಲೆ ಬದುಕ್ತದೆ. ಹಾಗಾಗಿ ಎಕ್ಸ್‌ಪೋಶರ್ ಅಂದ್ರೆ ಗಾಯದ ಕಾಲಲ್ಲಿ ಗದ್ದೆಗೆ ಇಳಿಸ್ತಾರಾ ಅಂತ ನನ್ನ ಅತ್ತೆಯೂ ಕೇಳಿದ್ರು. ಇಲ್ಲ. ಮೇಡಂ ಲೆಕ್ಕ ಎಂತದ್ದು ಅಂದ್ರೆ, ನಿಮ್ಮ ಊರಿನಲ್ಲಿ ಓಸಿಡಿ ಇಲ್ಲದ, ತಿಳುವಳಿಕೆ ಇರುವ ಒಬ್ಬರು ಎಷ್ಟು ಜಾಗ್ರತೆ ಮಾಡ್ತಾರೋ ಅಷ್ಟು ನೀವೂ ಮಾಡಿ. ಗದ್ದೆಗೆ ಇಳಿಯುವಾಗ ಗಂಬೂಟು, ಗಾಯ ಇದ್ರೆ ಮುಚ್ಚಿ, ಜ್ವರ ಬಂದು ಮೀನಖಂಡ ನೋವು, ಕಣ್ಣು ಕೆಂಪು ಅಂತ ಆದ್ರೆ ತಡ ಮಾಡದೆ ಡಾಕ್ಟ್ರ ಹತ್ರ ಹೋಗಿ, ಬೇಗ ಹೋದ್ರೆ ಆ್ಯಂಟಿಬಯಾಟಿಕ್ಕಿಗೆ ಬಗ್ಗುವ ಕಾಯಿಲೆ ಅದು. ಅದರಾಚೆ ಇರುವ ಎಲ್ಲವೂ ಓಸಿಡಿಯದ್ದು.

ಕಾಲು ತೊಳೆಯುವ ವಿಷಯಕ್ಕೂ ಹೀಗೇ. ಹೊರಗಿಂದ ಬಂದವರು ಕಾಲು ತೊಳೆದು ಒಳಗೆ ಬರುದು ನಮ್ಮ ಊರಿನ ಕ್ರಮ, ಅದನ್ನು ಬಿಡಿ ಅಂದ್ರೆ ಮನೆಯಲ್ಲಿ ಯಾರೂ ಒಪ್ಪುದಿಲ್ಲ, ನಾನೂ ಒಪ್ತಿರ್ಲಿಲ್ಲ. ಪುಸ್ತಕದಲ್ಲಿ ಇದ್ದ ಹಾಗೆ ತೊಳೆಯಲೇಬೇಡಿ ಅಂತ ಮೇಡಂ ಹಠ ಮಾಡ್ಲಿಲ್ಲ. ನನ್ನ ಅತ್ತೆಗೆ ಅಲ್ಲಿಂದಲೇ ಫೋನ್ ಮಾಡಿಸಿ ಕೇಳಿದ್ರು, ನೀವು ಕಾಲಿಗೆ ಎಷ್ಟು ನೀರು ಹಾಕ್ತೀರಿ ಅಂತ. "ಒಂದು ಚೊಂಬು, ಮತ್ತೆಂತ" ಅಂದ್ರು ಅತ್ತೆ. ಅಲ್ಲಿಗೆ ನನ್ನ ಗುರಿ ಬರ್ದಾಯ್ತು, ಒಂದು ಚೊಂಬು, ಸಾಬೂನಿಲ್ಲ, ಡೆಟಾಲಿಲ್ಲ, ಎರಡನೇ ಸಲ ಇಲ್ಲ. ಆಗ ನಾನು ಹಾಕ್ತಿದ್ದದ್ದು ಮೂರು ಬಕೆಟ್. ಈ ಒಂದು ಕಾರಣಕ್ಕೇ ನಾನು ಮೇಡಂಗೆ ಪೂರ್ತಿ ಮಾರ್ಕು ಕೊಡ್ತೇನೆ, ನಮ್ಮ ಜನರ ಮನೆ ಹೇಗೆ ನಡೀತದೆ ಅಂತ ಗೊತ್ತಿರುವವರು ಮಾಡಿದ್ರೆ ಈ ಥೆರಪಿಗೆ ಬೇರೆಯೇ ಬಲ ಬರ್ತದೆ. ಮಡಿ ಮೈಲಿಗೆ ಇರುವ ಮನೆಯವರಿಗೆ ಓಸಿಡಿ ಬಂದ್ರೂ ಇದೇ ಪ್ರಶ್ನೆ ಅಂತೆ, ಆಚಾರ ಎಲ್ಲಿಗೆ ಮುಗೀತದೆ ಕಾಯಿಲೆ ಎಲ್ಲಿ ಶುರು ಆಗ್ತದೆ ಅಂತ, ಅದಕ್ಕೆ ಆ ಮನೆಯ ಹಿರಿಯರನ್ನೇ ಕೇಳುದು ಸರಿಯಾದ ದಾರಿ.

ಮೂರನೇ ಸೆಷನ್‌ಗೆ ನಾನೇ ಒಂದು ಹಾಲಿನ ಪ್ಯಾಕೆಟ್ ತಗೊಂಡು ಹೋಗಿದ್ದೆ. ಮುಟ್ಟಿ, ಕೈಯಲ್ಲಿ ಉಜ್ಜಿ, ಅದೇ ಕೈಯನ್ನು ಸೀರೆಗೆ, ಕೆನ್ನೆಗೆ, ಮೊಬೈಲಿಗೆ ಒರೆಸಿ ಸುಮ್ಮನೆ ಕೂತ್ಕೊಳ್ಳುದು. ಐದೈದು ನಿಮಿಷಕ್ಕೆ ಹೆದರಿಕೆ ಎಷ್ಟು ಅಂತ ಕೇಳ್ತಾರೆ. 35 ಅಂದ್ಕೊಂಡದ್ದು 70ಕ್ಕೆ ಹೋಯ್ತು, ಕೈ ನಡುಗ್ತಿತ್ತು, ಅರ್ಧ ಗಂಟೆಯಲ್ಲಿ 40, ಮುಗಿಯುವಾಗ 25. ತೊಳೆಯದೆಯೇ ಇಳಿಯಿತು ಅನ್ನುದು ನನ್ನ ಜೀವನದಲ್ಲಿ ಅದೇ ಮೊದಲ ಸಲ. ಪ್ರತಿ ಸಲ ಹೀಗೆ ಇಳೀತದೆ ಅಂತ ಇಲ್ಲ, ಕೆಲವು ದಿನ ಇಳಿಯುದೇ ಇಲ್ಲ, ಇಳಿಯದಿದ್ರೂ ಪಾಠ ಆಗ್ತದೆ ಅಂತ ಮೇಡಂ ಹೇಳ್ತಿದ್ರು. ಹೆದರಿಕೆ ಹೋಗ್ಲೇಬೇಕು ಅಂತ ಅಲ್ಲ, ಹೆದರಿಕೆ ಇಟ್ಕೊಂಡೇ ಅಡುಗೆ ಮಾಡ್ಲಿಕ್ಕೆ ಬರ್ತದೆ, ಮಗುವಿಗೆ ಊಟ ಹಾಕ್ಲಿಕ್ಕೆ ಬರ್ತದೆ ಅಂತ ತಲೆಗೆ ಹೊಸದಾಗಿ ಕಲಿಸುದು.

ಮತ್ತೆ ಅವರು ಎಂದಿಗೂ "ಏನೂ ಆಗುದಿಲ್ಲ" ಅಂತ ಹೇಳ್ತಿರ್ಲಿಲ್ಲ. ಇದು ನನಗೆ ಮೊದಲು ತುಂಬ ಸಿಟ್ಟು ಬರಿಸ್ತಿತ್ತು. ನಾನು ಕೇಳಿದ್ರೆ, "ಗೊತ್ತಿಲ್ಲ, ಆಗ್ಲೂಬಹುದು, ಆಗದೇನೂ ಇರಬಹುದು, ಗೊತ್ತಿಲ್ಲದೆ ಈ ಸಂಜೆ ಕಳೆಯುವ" ಅಂತ ಇಷ್ಟೇ. ನಾನು ದುಡ್ಡು ಕೊಡುದು ಧೈರ್ಯ ಹೇಳಿಸ್ಕೊಳ್ಳಿಕ್ಕೆ ಅಲ್ವಾ ಅಂತ ನಾಲ್ಕನೇ ಸೆಷನ್ನಲ್ಲಿ ಜೋರು ಮಾಡಿದ್ದೆ. ಆಗ ಅವರು ಗಂಡನನ್ನು ಕರೆಸಿದ್ರು.

ಆ ಐದನೇ ಸೆಷನ್ ಮರೆಯುದಿಲ್ಲ. ಮೂರೂ ಜನ ಕೂತು, ಇನ್ನು ಮೇಲೆ "ಅಡ್ಡಿಲ್ಲ" ಅನ್ನುವ ಮಾತು ಮನೆಯಲ್ಲಿ ಬೇಡ ಅಂತ ಮಾಡಿದೆವು, ಒಮ್ಮೆಲೇ ಅಲ್ಲ, ಮೊದಲ ವಾರ ದಿನಕ್ಕೆ ಐದು, ಮುಂದಿನ ವಾರ ಎರಡು, ಮತ್ತೆ ಸೊನ್ನೆ. ನಾನು ಕೇಳಿದ್ರೆ ಅವರು, "ಇದು ಓಸಿಡಿ ಕೇಳುವ ಪ್ರಶ್ನೆ, ನಾನು ಉತ್ತರ ಕೊಡುದಿಲ್ಲ, ನಿನ್ನ ಹತ್ರ ಕೂತ್ಕೊಳ್ತೇನೆ" ಅನ್ನಬೇಕು. ಆ ವಾಕ್ಯವನ್ನು ಅವರು ಮೊದಲ ಸಲ ಹೇಳಿದ ರಾತ್ರಿ ಇಬ್ಬರೂ ಅತ್ತಿದ್ದೇವೆ. ನಾನು ಬೇಡಿಕೊಂಡೆ, ಒಂದೇ ಸಲ ಹೇಳಿ ಅಂತ. ಅವರು ಹೇಳ್ಲಿಲ್ಲ, ಜಗಲಿಯಲ್ಲಿ ನನ್ನ ಪಕ್ಕ ಹನ್ನೆರಡೂವರೆ ತನಕ ಕೂತಿದ್ರು, ಮಳೆ ಸುರಿತಾ ಇತ್ತು. ಮನೆಯವರು ಈ ಟ್ರೀಟ್‌ಮೆಂಟಲ್ಲಿ ಸೇರದಿದ್ರೆ ಅರ್ಧ ಕೆಲಸ ಆಗುದಿಲ್ಲ ಅಂತ ನನ್ನ ಅಭಿಪ್ರಾಯ, ಆದ್ರೆ ಸೇರುವವರೂ ಗೊತ್ತಿರಬೇಕು, ಇದು ಕಲ್ಲು ಮನಸ್ಸು ಮಾಡುದಲ್ಲ, ಹತ್ರ ಕೂತು ಉತ್ತರ ಕೊಡದೆ ಇರುದು.

ಒಂಬತ್ತನೇ ಸೆಷನ್ ಬಂದರಿನಲ್ಲಿ. ಮಂಗಳೂರು ಬಂದರು ಗೊತ್ತಿರುವವರಿಗೆ ಗೊತ್ತು, ಹೋಲ್‌ಸೇಲ್ ಅಂಗಡಿ, ಗೋದಾಮು, ಅಕ್ಕಿ ಮೆಣಸು ಉಳ್ಳಾಗಡ್ಡಿ ಗೋಣಿಗಳು ರಾಶಿ, ಸಂದಿಯಲ್ಲಿ ಇಲಿ ಓಡಾಟ ಇರುದೇ. ಮೇಡಂ ಕ್ಲಿನಿಕ್ ಬಿಟ್ಟು ಜೊತೆಗೆ ಬಂದ್ರು, ಮೊದಲು ಗೋಣಿ ಮುಟ್ಟಿದ್ದು ಅವರೇ, ಮತ್ತೆ ನಾನು. ನನ್ನ ಕೈಯ ಬಿರುಕು ಅಷ್ಟೊತ್ತಿಗೆ ವಾಸಿ ಆಗಿತ್ತು, ಅದು ವಾಸಿ ಆಗುವ ತನಕ ಕಾದೇ ಇದನ್ನು ಇಟ್ಟದ್ದು. ಅಲ್ಲಿಂದ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡ್ ತನಕ ನಡ್ಕೊಂಡು ಬಂದು, ಕೈಗೆ ಬರೀ ನೀರು ಒಮ್ಮೆ ಹಾಕಿ, ಅಂದ್ರೆ ಹೋಟೆಲಲ್ಲಿ ಎಲ್ಲರೂ ಮಾಡುವಷ್ಟು, ಒಂದು ಪ್ಲೇಟ್ ಗೋಳಿಬಜೆ ತಿಂದೆವು. ನಾನು ಹೊರಗಿನದ್ದು ತಿನ್ನದೆ ನಾಲ್ಕು ವರ್ಷ ಆಗಿತ್ತು. ಚಟ್ನಿಯ ಶುಂಠಿ ಖಾರ, ಬಜೆಯ ಬಿಸಿ ಇನ್ನೂ ಬಾಯಲ್ಲಿ ಉಂಟು. ಹೆದರಿಕೆ 80 ಇತ್ತು, ತಿಂದದ್ದು ಮಾತ್ರ ಖುಷಿಯಲ್ಲೇ. ಆ ರಾತ್ರಿ ನಿದ್ದೆ ಬರ್ಲಿಲ್ಲ. ಇಲಿ ಜ್ವರಕ್ಕೆ ಲಕ್ಷಣ ಬರ್ಲಿಕ್ಕೆ ಎರಡು ದಿನದಿಂದ ನಾಲ್ಕು ವಾರ ತನಕ ಆಗ್ತದೆ, ಹಾಗಾಗಿ ಒಂದು ತಿಂಗಳು ದಿನ ಎಣಿಸಬೇಕು ಅಂತ ತಲೆ ಹಠ ಮಾಡ್ತಿತ್ತು, ಎಣಿಸುದೂ ತೊಳೆಯುವ ಹಾಗೆಯೇ ಓಸಿಡಿ ಮಾಡಿಸುವ ಒಂದು ಆಚರಣೆಯೇ, ಅದನ್ನೂ ಬಿಡಬೇಕು ಅಂತ ಹೋಮ್‌ವರ್ಕು.

ಹನ್ನೊಂದನೇ ವಾರ ಎಲ್ಲ ಹಿಂದೆ ಹೋಯ್ತು. ಮಗಳಿಗೆ ಜ್ವರ ಬಂತು, ಬರೀ ವೈರಲ್, ಆದ್ರೆ ನಾನು ಎರಡು ದಿನ ಮನೆ ಇಡೀ ತೊಳೆದೆ. ಅವಳನ್ನು ಡಾಕ್ಟ್ರಿಗೆ ತೋರಿಸಿದ್ದು ಸರಿ, ಆಮೇಲೆ ಮೂರು ಬೇರೆ ಡಾಕ್ಟ್ರಿಗೆ ತೋರಿಸಿದ್ದು ಓಸಿಡಿ. ಇಷ್ಟೆಲ್ಲ ಮಾಡಿ ವ್ಯರ್ಥ ಅಂತ ಥೆರಪಿ ಬಿಡ್ಲಿಕ್ಕೆ ಹೊರಟಿದ್ದೆ. ಮೇಡಂ ಬೈಲಿಲ್ಲ, ಪಟ್ಟಿಯಲ್ಲಿ ಎರಡು ಮೆಟ್ಟಿಲು ಕೆಳಗೆ ಬಂದು ಪುನಃ ಶುರು ಮಾಡಿಸಿದ್ರು. ಎರಡು ವಾರದಲ್ಲಿ ಮೊದಲಿದ್ದ ಜಾಗಕ್ಕೆ ಬಂದೆ.

ಇನ್ನು ಸರ್ವೀಸಿನ ವಿಷಯ. ಒಂದು ಸೆಷನ್ನಿಗೆ 1,200 ರೂಪಾಯಿ, ಒಂದು ಗಂಟೆ, ಬಂದರಿಗೆ ಹೋದ ಹಾಗೆ ಹೊರಗೆ ಹೋಗುವುದಕ್ಕೆ ಒಂದೂವರೆ ಗಂಟೆ ಅಂತ 1,800. ಒಟ್ಟು ಹದಿನಾರು ಸೆಷನ್, ಜುಲೈಯಿಂದ ದೀಪಾವಳಿ ಕಳೆಯುವ ತನಕ. ನಮ್ಮ ಪಾಲಿಸಿಯಲ್ಲಿ ಒಪಿಡಿ ಇಲ್ಲ, ಎಲ್ಲ ಕೈಯಿಂದಲೇ. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತ ಅಲ್ಲ. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಲ್ಲಿ ಒಂದೂವರೆ ಗಂಟೆ, ಹೋಗಿ ಬಂದು ಒಂದು ದಿನವೇ ಹೋಗ್ತದೆ. ಪಾರ್ಕಿಂಗ್ ಇಲ್ಲ, ಲಿಫ್ಟ್ ಇಲ್ಲ, ಪ್ರಾಯ ಆದವರಿಗೆ ಆ ಮೆಟ್ಟಿಲು ಕಷ್ಟ. ರಿಸೆಪ್ಶನ್ನಲ್ಲಿ ಫೋನ್ ಎತ್ತುದು ಅಪರೂಪ, ಎರಡು ಸಲ ನಾನು ಪಡುಬಿದ್ರಿ ದಾಟಿದ ಮೇಲೆ ಇವತ್ತು ಕ್ಯಾನ್ಸಲ್ ಅಂತ ಮೆಸೇಜ್ ಬಂದಿದೆ, ಅದು ನನಗೆ ನಿಜಕ್ಕೂ ನೋವಾದ ವಿಷಯ, ಎಕ್ಸ್‌ಪೋಶರಿಗೆ ಮನಸ್ಸು ಗಟ್ಟಿ ಮಾಡಿ ಹೊರಟವಳಿಗೆ ಅದು ಬರೀ ಟೈಮ್ ವೇಸ್ಟ್ ಅಲ್ಲ. ವೈಟಿಂಗ್ ರೂಮಿನಲ್ಲಿ ಎಲ್ಲರ ಎದುರು ಹೆಸರು ಕೂಗಿ ಕರೀತಾರೆ, ಅದು ಬದಲಾಗಬೇಕು. ಮತ್ತೊಂದು ದೊಡ್ಡ ಕೊರತೆ, ಹೋಮ್‌ವರ್ಕ್ ಶೀಟು ಎಲ್ಲ ಇಂಗ್ಲಿಷಿನಲ್ಲಿ. ಮಾತು ಪೂರ್ತಿ ಕನ್ನಡ, ಮನೆಯವರ ಹತ್ರ ತುಳುವಿನಲ್ಲೂ ಮಾತಾಡಿದ್ರು, ಆದ್ರೆ ಕೈಗೆ ಕೊಡುವ ಕಾಗದ ಇಂಗ್ಲಿಷು. ನಾನು ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಎಲ್ಲ ಕನ್ನಡಕ್ಕೆ ಮಾಡಿ ಬರ್ಕೊಂಡೆ, ಅದರ ಒಂದು ಕಾಪಿ ಮೇಡಂಗೂ ಕೊಟ್ಟಿದ್ದೇನೆ, ಬೇರೆಯವರಿಗೆ ಬೇಕಾಗ್ತದೆ ಅಂತ.

ಯಾರಾದ್ರೂ ಹುಡುಕುವವರಿದ್ರೆ, ಮೊದಲ ಫೋನಲ್ಲೇ ಕೇಳಿ, ನೀವು ಓಸಿಡಿಗೆ ಇಆರ್‌ಪಿ ಮಾಡ್ತೀರಾ, ಸೆಷನ್ನಲ್ಲೇ ಜೊತೆಗೆ ಕೂತು ಮಾಡಿಸ್ತೀರಾ ಅಂತ. ಬರೀ ಮಾತಾಡುವ ಕೌನ್ಸೆಲಿಂಗ್, ಬರೀ ರಿಲ್ಯಾಕ್ಸೇಶನ್ ಅಂದ್ರೆ ಬೇರೆ ಕಡೆ ನೋಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಂದ್ರೆ ಆರ್‌ಸಿಐ ರಿಜಿಸ್ಟ್ರೇಶನ್ ಇರಬೇಕು, ಕೇಳುದ್ರಲ್ಲಿ ತಪ್ಪಿಲ್ಲ. ದುಡ್ಡಿನ ತೊಂದರೆ ಇರುವವರು ಮೊದಲು ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆ ಅಂತಲೇ ಕ್ಲಿನಿಕ್ ಉಂಟು. ಎಲ್ಲಿಂದ ಶುರು ಮಾಡುದು ಗೊತ್ತಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನವಿಡೀ ಇರ್ತದೆ, ಫ್ರೀ, ಕನ್ನಡದಲ್ಲಿ ಮಾತಾಡ್ತಾರೆ. ನನ್ನದು ಓದಿ ಮನೆಯವರನ್ನು ಎಳ್ಕೊಂಡು ಹೋಗಿ ಗೋಣಿ ಮುಟ್ಟಿಸಬೇಡಿ ದಯವಿಟ್ಟು. ಯಾವ ಮೆಟ್ಟಿಲು ಯಾವಾಗ ಅಂತ ಪೇಷಂಟೇ ಒಪ್ಪಿ ಹತ್ತಬೇಕು, ಒತ್ತಾಯ ಮಾಡಿದ್ರೆ ಅದು ಇಆರ್‌ಪಿ ಅಲ್ಲ. ಮಾತ್ರೆಯನ್ನೂ ಸ್ವಂತ ಬಿಡಬೇಡಿ, ನಾನು ಈಗಲೂ ತಗೊಳ್ತಿದ್ದೇನೆ.

ಕೊನೆಯ ಸೆಷನ್ನಲ್ಲಿ ನನ್ನ ವೈ-ಬಾಕ್ಸ್ 11. ಪೂರ್ತಿ ಹೋಯ್ತು ಅಂತ ಅಲ್ಲ, ಈಗಲೂ ಯೋಚನೆ ಬರ್ತದೆ, ಕೆಲವು ದಿನ ಜೋರಾಗೇ ಬರ್ತದೆ. ಟ್ರೀಟ್‌ಮೆಂಟಿಗೆ 5ರಲ್ಲಿ 5, ಕ್ಲಿನಿಕ್ಕಿನ ವ್ಯವಸ್ಥೆಗೆ 3.

ಈ ಜೂನಿನಲ್ಲಿ ಶಾಲೆ ಶುರುವಾದ ವಾರವೇ ಮಳೆ ಹಿಡಿಯಿತು. ಮಗಳು ಬ್ಯಾಗ್ ಜಗಲಿಯಲ್ಲಿ ಬಿಸಾಡಿ ಅಂಗಳಕ್ಕೆ ಇಳಿದು ನಿಂತು ನನ್ನ ಮುಖ ನೋಡಿದಳು, ಅವಳಿಗೂ ಅಭ್ಯಾಸ ಆಗಿತ್ತಲ್ಲ, ನನ್ನ ಮುಖ ನೋಡಿಯೇ ಕಾಲು ಇಡುದು. ನಾನು ಹೋಗು ಅಂದೆ. ಇಪ್ಪತ್ತು ನಿಮಿಷ ಹಾರಿದಳು, ಮಾಡಿನ ನೀರಿಗೆ ತಲೆ ಕೊಟ್ಟಳು, ಕಾಗದದ ದೋಣಿ ಮಾಡಿ ಕೊಡು ಅಂದಳು, ಮಾಡಿ ಕೊಟ್ಟೆ. ಗಂಡ ಬಾಗಿಲ ಹತ್ರ ನಿಂತಿದ್ರು, ನಾನು ಅವರ ಹತ್ರ ಎಂತದ್ದೂ ಕೇಳ್ಲಿಲ್ಲ. ಒಳಗೆ ಬರುವಾಗ ಅವಳ ಕಾಲಿಗೆ ಒಂದು ಚೊಂಬು ನೀರು ಹಾಕಿದೆ. ಬೂಸ್ಟರ್ ಸೆಷನ್ ಆಗಸ್ಟ್ ಮೊದಲ ವಾರ, ಈ ಸಲ ಅವಳನ್ನೂ ಕರ್ಕೊಂಡು ಬನ್ನಿ ಅಂದಿದ್ದಾರೆ.